ಗಂಗಮ್ಮ ಟೀಚರು ಮುದುಕಿಯಾಗಲು ಕಲಿತದ್ದು

ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಂಗಮ್ಮ ಡ್ರಿಲ್ ಟೀಚರಾಗಿದ್ದಷ್ಟು ಕಾಲ ಆ ಶಾಲೆಯ ಯಾವ ಹುಡುಗಿಯೂ ಅವರ ಕಣ್ಣೆದುರಿಗೆ ಬೆನ್ನು ಬಗ್ಗಿಸಿ ನಡೆದದ್ದಿಲ್ಲ. ಕಣ್ಮರೆಯಾದ ಮೇಲೆ ನಡೆದಿರಬಹುದು, ಅದು ಬೇರೆ ಮಾತು. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಬೂಟು ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಅವರು ಮೈದಾನಕ್ಕೆ ಇಳಿದರೆ ಸಾಲಿನಲ್ಲಿದ್ದ ಹುಡುಗಿಯರಿರಲಿ, ಕಾಂಪೌಂಡಿನ ಆಚೆ ಕಡಲೆಕಾಯಿ ಮಾರುವವನೂ ಎದೆ ಸೆಟೆಸಿ ನಿಲ್ಲುತ್ತಿದ್ದ. ಅವರ ಗಂಡ ಶೇಖರಪ್ಪನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಿಧಾನದ ಮನುಷ್ಯ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸಿನಿಮಾಕ್ಕೆ ಹೊರಟರೆ ಗಂಗಮ್ಮ ಟಿಕೆಟ್ ಕೊಂಡು ಟಾಕೀಸಿನ ಬಾಗಿಲಲ್ಲಿ ನಿಂತಿರುತ್ತಿದ್ದರು, ಶೇಖರಪ್ಪನವರು ಇನ್ನೂ ರೈಲ್ವೆ ಗೇಟು ದಾಟುತ್ತಿರುತ್ತಿದ್ದರು. ಆಮೇಲೂ ಸಂಸಾರ ಅದೇ ಕ್ರಮದಲ್ಲಿ ಸಾಗಿತು. ಅವರು ಮುಂದೆ, ಇವರು ಹಿಂದೆ. ಇಬ್ಬರಿಗೂ ಅದರಲ್ಲಿ ತಕರಾರಿರಲಿಲ್ಲ.

ನಿವೃತ್ತಿಯಾದ ಮೇಲೆ ಇಬ್ಬರೂ ವೈಟ್‌ಫೀಲ್ಡಿನಲ್ಲಿ ಮಗ ವಿಶ್ವನಾಥನ ಫ್ಲ್ಯಾಟಿಗೆ ಬಂದು ನೆಲೆಸಿದರು. ಅಪಾರ್ಟ್‌ಮೆಂಟು ಗಂಗಮ್ಮನಿಗೆ ಹಿಡಿಸಿತು. ಕಟ್ಟಡಗಳ ಸುತ್ತ ಓಡಾಡಲು ಕಲ್ಲು ಹಾಸಿದ ದಾರಿ ಇತ್ತು, ಅಡ್ಡ ಬರುವ ದನ ಇರಲಿಲ್ಲ. ಹಿಡಿಸದೇ ಇದ್ದದ್ದು ಒಂದೇ. ಬೆಳಗಿನ ಹೊತ್ತು ಅಲ್ಲಿನ ಹಿರಿಯ ಹೆಂಗಸರ ಗುಂಪೊಂದು ವಾಕಿಂಗ್ ಹೋಗುತ್ತಿತ್ತು. ಚಿತ್ರದುರ್ಗದ ಕಡೆಯ ಚನ್ನಬಸಮ್ಮ ಅದರ ಮುಖಂಡರು. ಗಂಗಮ್ಮ ಎರಡು ದಿನ ಆ ಗುಂಪಿನಲ್ಲಿ ಹೋದರು. ಮೂರನೆಯ ದಿನ ಚನ್ನಬಸಮ್ಮನೇ ನಯವಾಗಿ ಹೇಳಿದರು: "ಟೀಚರಮ್ಮಾ, ನೀವು ಮುಂದ್ಮುಂದೆ ಹೋಗ್ಬಿಡ್ತೀರ. ನಾವು ಸೊಸೆ ವಿಚಾರ ಮಾತಾಡ್ಬೇಕು ಅಂದ್ರೆ ನಿಮಗೆ ಫೋನ್ ಮಾಡ್ಬೇಕಾಗುತ್ತೆ. ನಿಮ್ಮಷ್ಟಕ್ಕೆ ನೀವೇ ಹೋಗಿ." ಅಂದಿನಿಂದ ಗಂಗಮ್ಮ ಒಬ್ಬರೇ ಸುತ್ತು ಹಾಕುತ್ತಿದ್ದರು. ಗುಂಪು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದನ್ನು ಎರಡು ಸಲ ಹಿಂದೆ ಹಾಕಿ, ಎರಡು ಸಲವೂ ಒಳ್ಳೆಯ ಮಾತಿನ ನಡುವೆ ನುಗ್ಗಿ ಹೋಗಿರುತ್ತಿದ್ದರು.

ಮೊಮ್ಮಗಳು ಸ್ಪೂರ್ತಿ ವೈಟ್‌ಫೀಲ್ಡಿನ ಹಳೆಯ ಕೈಗಾರಿಕಾ ಪ್ರದೇಶದಲ್ಲಿ, ಗೋದಾಮೊಂದನ್ನು ಬಾಡಿಗೆಗೆ ಹಿಡಿದಿದ್ದ ಸಣ್ಣ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ವಿಡಿಯೋ ಗೇಮುಗಳ ಗೊಂಬೆಗಳಿಗೆ ನಡಿಗೆ, ಓಟ, ಕೂರುವುದು, ಏಳುವುದು ಇವನ್ನೆಲ್ಲ ಒದಗಿಸುವುದು ಅವರ ಕಸುಬು. ನಿಜವಾದ ಮನುಷ್ಯರನ್ನು ನಡೆಸಿ ವಿಡಿಯೋ ಮಾಡುತ್ತಿದ್ದರು. ಕಂಪ್ಯೂಟರು ಆ ವಿಡಿಯೋದ ಒಂದೊಂದು ಚಿತ್ರದಲ್ಲೂ ಮೊಣಕಾಲು ಎಲ್ಲಿ, ಮೊಣಕೈ ಎಲ್ಲಿ, ಹೆಗಲು ಎಲ್ಲಿ ಎಂದು ಗುರುತು ಹಿಡಿದು ಕಡ್ಡಿಯ ಅಸ್ಥಿಪಂಜರವೊಂದನ್ನು ಕಟ್ಟುತ್ತಿತ್ತು. ಅದರ ಮೇಲೆ ಯಾವ ಗೊಂಬೆಯ ಮೈ ತೊಡಿಸಿದರೂ ಆ ಗೊಂಬೆ ಅದೇ ಮನುಷ್ಯನ ಹಾಗೆ ನಡೆಯುತ್ತಿತ್ತು.

ಆಗ ಕೈಯಲ್ಲಿದ್ದದ್ದು ಹೊರದೇಶದ ಕಂಪನಿಯೊಂದರ ಗೇಮು. ಅದರಲ್ಲಿ ಒಂದು ಭಾರತದ ಹಳ್ಳಿ, ಹಳ್ಳಿಯ ಅಂಚಿನಲ್ಲಿ ಗಿಡಮೂಲಿಕೆ ಕೊಡುವ ಒಬ್ಬ ಅಜ್ಜಿ. ಅಜ್ಜಿಯ ಪಾತ್ರಕ್ಕೆ ನಾಟಕದ ಹುಡುಗಿಯರನ್ನು ಕರೆಸಿ ನಡೆಸಿದ್ದಾಗಿತ್ತು. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು, ಅಯ್ಯೋ ಅಮ್ಮಾ ಎಂದು ನಡೆದಿದ್ದರು. ಆ ಕಡೆಯವರು ಒಪ್ಪಲಿಲ್ಲ. ನಟನೆ ಬೇಡ, ಅಪ್ಪಟ ವೃದ್ಧೆ ಬೇಕು ಎಂದು ಬರೆದಿದ್ದರು.

"ಎಲ್ಲಿಂದ ತರ್ಲಿ ನಾನು ಅಪ್ಪಟ ಅಜ್ಜೀನಾ?" ಎಂದು ಸ್ಪೂರ್ತಿ ಊಟಕ್ಕೆ ಕೂತಾಗ ಗೊಣಗಿದಳು.

ಗಂಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮನ್ಯಾಗ ಇಟಗೊಂಡು ಊರೆಲ್ಲಾ ಹುಡಕತೀಯಲ್ಲ. ನಾನು ಬರ್ತೀನಿ."

"ನೀವಾ?" ಎಂದಳು ಸ್ಪೂರ್ತಿ.

"ಯಾಕ? ನನಗ ವಯಸ್ಸಾಗಿಲ್ಲೇನು?"

ಶೇಖರಪ್ಪನವರಿಗೆ ನಗು ಬಂತು. ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟು ಬಿಟ್ಟುಕೊಡಲು ಬಂದ ಹುಡುಗರನ್ನು ಗದರಿಸಿ ಮತ್ತೆ ಕೂರಿಸಿದ್ದ ಹೆಂಗಸು, ಮೊದಲ ಸಲ ತನಗೆ ವಯಸ್ಸಾಗಿದೆ ಎಂದು ತಾನಾಗಿ ವಾದಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಗಂಗಮ್ಮ ವಾಕಿಂಗ್ ಗುಂಪಿನ ಪಕ್ಕದಲ್ಲಿ ಬೇಕೆಂದೇ ನಿಂತು ಸುದ್ದಿ ಹೇಳಿದರು.

"ಹಂಗಾದ್ರೆ ಟೀವಿಯಲ್ಲಿ ಬರ್ತೀರಾ?" ಎಂದರು ಚನ್ನಬಸಮ್ಮ.

"ಟೀವಿ ಅಲ್ರೀ, ಗೇಮು. ನನ್ನ ಮುಖ ಬರೂದಿಲ್ಲ, ನಡಿಗಿ ಅಷ್ಟ ಬರ್ತದ."

"ಮುಖ ಬಿಟ್ಟು ಬರೀ ನಡಿಗೆ ತಗೊಂಡು ಅವರೇನ್ ಮಾಡ್ತಾರಮ್ಮಾ!" ಎಂದು ಚನ್ನಬಸಮ್ಮ ಆಶ್ಚರ್ಯಪಟ್ಟರು. ಆದರೂ ಸುದ್ದಿ ಸಂಜೆಯೊಳಗೆ ಲಿಫ್ಟಿನಲ್ಲಿ ಹತ್ತಿ ಇಳಿದು ಎಲ್ಲ ಮಹಡಿಗೂ ಮುಟ್ಟಿತು.

ಸ್ಟುಡಿಯೋದಲ್ಲಿ ಕ್ಯಾಮೆರಾ ನೋಡಿಕೊಳ್ಳುವವನು ಲಿಖಿತ್. ಮೂವತ್ತು ಇನ್ನೂ ತುಂಬದ ಯುವಕ. ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಮನೆ. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ದಿನವೂ ಮೆಟ್ರೋದಲ್ಲಿ ಮೊಬೈಲು ನೋಡುತ್ತ ಬಂದು, ಹಗಲೆಲ್ಲ ಮಾನಿಟರಿನ ಮುಂದೆ ಕೂತು, ಮತ್ತೆ ಮೊಬೈಲು ನೋಡುತ್ತ ಹಿಂದಿರುಗುತ್ತಿದ್ದ. ಇಲ್ಲಿಗೆ ಸೇರುವ ಮೊದಲು ಮದುವೆ ವಿಡಿಯೋ ಮಾಡುತ್ತಿದ್ದವನು. ವಧುವಿನ ಹಿಂದೆ ದೀಪಗಳೆಲ್ಲ ಕರಗಿ ಬಣ್ಣದ ಗುಳ್ಳೆಗಳಾಗುವುದು, ತಿರುಗುವ ಲಂಗ ಹೊಗೆಯ ಹಾಗೆ ಹರಡುವುದು, ಇದರಲ್ಲಿ ಅವನ ಕೈ ಪಳಗಿತ್ತು. ಲಗ್ಗೆರೆಯ ಕಲ್ಯಾಣ ಮಂಟಪಗಳಲ್ಲಿ ಅವನಿಗೆ ಹೆಸರಿತ್ತು.

ಗಂಗಮ್ಮ ನೀಲಿ ಟ್ರ್ಯಾಕ್‌ಸೂಟು ತೊಟ್ಟು ಬಂದರು. ಸೀರೆಯಲ್ಲಿ ಮೊಣಕಾಲು ಕಾಣುವುದಿಲ್ಲ, ಮೈಗೆ ಅಂಟುವಂಥದ್ದು ಹಾಕಬೇಕು ಎಂದು ಅಜ್ಜಿಗೆ ಹೇಗೆ ಹೇಳಲಿ ಎಂದು ಸ್ಪೂರ್ತಿ ಹಿಂದಿನ ದಿನವೆಲ್ಲ ಚಡಪಡಿಸಿದ್ದಳು. ಅವರು ಟ್ರಂಕಿನಿಂದ ಹಳೆಯದನ್ನು ತೆಗೆದು ಇಸ್ತ್ರಿಯನ್ನೂ ಮಾಡಿಟ್ಟಿದ್ದರು. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ದೀಪಕ್ಕೆ ಮಿಂಚುತ್ತಿತ್ತು. ತೆಗೆಯಿರಿ ಎನ್ನುವ ಧೈರ್ಯ ಯಾರೂ ಮಾಡಲಿಲ್ಲ. ಲಿಖಿತ್ ಕಣ್ಣು ಕಿರಿದು ಮಾಡಿದ್ದು ನೋಡಿ ಅವರೇ ಅದನ್ನು ಅಂಗಿಯೊಳಗೆ ಸೇರಿಸಿಕೊಂಡರು.

"ಸುಮ್ನೆ ನಡೀರಿ ಅಜ್ಜಿ, ನ್ಯಾಚುರಲ್ಲಾಗಿ," ಎಂದ ಲಿಖಿತ್.

ಗಂಗಮ್ಮ ನಡೆದರು. ಗೋಡೆಯಿಂದ ಗೋಡೆಗೆ ಹೋಗಿ, ತಿರುಗುವಲ್ಲಿ ಹಿಮ್ಮಡಿಯ ಮೇಲೆ ತಿರುಗಿ, ವಾಪಸು ಬಂದರು. ವಿಡಿಯೋ ಬಹಳ ಚೆನ್ನಾಗಿತ್ತು. ಮೃದುವಾದ ಬೆಳಕು, ಹಿಂದಿನ ಗೋಡೆ ಮಂಜಿನ ಹಾಗೆ. ಅದನ್ನು ಕಂಪ್ಯೂಟರಿಗೆ ಉಣ್ಣಿಸಿದರು. ತೆರೆಯ ಮೇಲೆ ಎದ್ದು ನಿಂತ ಅಸ್ಥಿಪಂಜರ ಒಂದೆರಡು ಹೆಜ್ಜೆ ಸರಿಯಾಗಿ ಇಟ್ಟಿತು. ಆಮೇಲೆ ಅದರ ಬಲಗೈ ಹೆಗಲಿನಿಂದ ಕಳಚಿಕೊಂಡು ಮೇಲೆ ಹಾರಿತು. ಎಡಗೈ ಹೊಟ್ಟೆಯೊಳಗೆ ಹೊಕ್ಕಿತು. ಒಂದು ಪಾದ ನೆಲದಲ್ಲಿ ಹೂತುಹೋಗಿ ಇನ್ನೊಂದು ಮೊಣಕಾಲಿನಿಂದ ಹೊರಬಂತು.

"ಅಜ್ಜಿ, ಸ್ವಲ್ಪ ನಿಧಾನ," ಎಂದ ಲಿಖಿತ್.

ಗಂಗಮ್ಮ ನಿಧಾನ ಮಾಡಿದರು. ಕೈ ಮತ್ತೆ ಹಾರಿತು.

"ಇನ್ನೂ ನಿಧಾನ ಅಜ್ಜಿ. ಕೈ ಅಷ್ಟು ಬೀಸ್ಬೇಡಿ."

"ಇದಕ್ಕಿಂತ ನಿಧಾನ ಅಂದ್ರ ನಿಂತಂಗ ಆಕ್ಕೈತಿ, ತಮ್ಮಾ."

ಊಟದ ಹೊತ್ತು ಕಳೆದರೂ ಅದೇ ಕಥೆ. ಸ್ಟುಡಿಯೋದಲ್ಲಿದ್ದ ಎಲ್ಲರೂ ಸರದಿಯ ಮೇಲೆ ಬಂದು ಗಂಗಮ್ಮನಿಗೆ ನಡೆಯುವುದನ್ನು ಹೇಳಿಕೊಟ್ಟರು. ಲೆಕ್ಕಪತ್ರ ನೋಡುವವರೂ ಒಂದು ಸಲಹೆ ಕೊಟ್ಟು ಹೋದರು. ಕ್ಯಾಮೆರಾವನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕ್ಯಾಮೆರಾ ಹೊಸದು, ಅಜ್ಜಿ ಹಳೆಯದು, ತಪ್ಪು ಎಲ್ಲಿರಬೇಕೆಂಬುದರಲ್ಲಿ ಅನುಮಾನವೇ ಇರಲಿಲ್ಲ.

ಸಂಜೆ ಮನೆಗೆ ಬಂದ ಗಂಗಮ್ಮ ಚಹಾ ಮುಟ್ಟಲಿಲ್ಲ. ಬದುಕಿನಲ್ಲಿ ಅವರು ಎಷ್ಟೋ ವಿಷಯದಲ್ಲಿ ಸೋತದ್ದಿತ್ತು. ಗಣಿತ ಬರುತ್ತಿರಲಿಲ್ಲ, ಹೋಳಿಗೆ ಹದಕ್ಕೆ ಬರುತ್ತಿರಲಿಲ್ಲ. ನಡೆಯುವುದರಲ್ಲಿ ಸೋತದ್ದು ಇದೇ ಮೊದಲು.

"ಬೇಕಾದ್ರ ನಾನು ಹೋಗಿ ಬರ್ಲೇನು?" ಎಂದು ಶೇಖರಪ್ಪ ಸಹಾನುಭೂತಿಯಿಂದಲೇ ಕೇಳಿದರು.

"ಅವರಿಗೆ ಅಜ್ಜಿ ಬೇಕಂತ, ಅಜ್ಜ ಅಲ್ಲ," ಎಂದರು ಗಂಗಮ್ಮ. ಆದರೂ ಊಟಕ್ಕೆ ಮೊದಲು ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ಮುಂದೆ ನಡೆಸಿ, ತಾವು ಹಿಂದೆ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಅಭ್ಯಾಸ ಮಾಡಿದರು. ಇಷ್ಟು ವರ್ಷದ ದಾಂಪತ್ಯದಲ್ಲಿ ಹೆಂಡತಿ ಹಿಂದಿದ್ದದ್ದು ಶೇಖರಪ್ಪನವರಿಗೆ ಎಷ್ಟು ಹಿತವಾಯಿತೆಂದರೆ, ಮಂಡಿನೋವನ್ನೂ ಮರೆತು ಇನ್ನೊಂದು ಸುತ್ತು ಹಾಕೋಣ ಎಂದರು.

ಮರುದಿನ ಸ್ಟುಡಿಯೋದಲ್ಲಿ, ಸ್ಪೂರ್ತಿ ಸುಮ್ಮನೆ ಬೇಸರ ಕಳೆಯಲೆಂದು ಹಿಂದಿನ ದಿನದ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡತೊಡಗಿದಳು. ಒಂದು ಚಿತ್ರದಲ್ಲಿ ಅಜ್ಜಿಗೆ ಮುಖವಿತ್ತು, ಮೈಯಿತ್ತು. ಕೈ ಇರಬೇಕಾದ ಜಾಗದಲ್ಲಿ ನೀಲಿ ಬೀಸಣಿಗೆಯೊಂದಿತ್ತು.

"ಲಿಖಿತ್, ಬಾ ಇಲ್ಲಿ. ಇದರಲ್ಲಿ ಮೊಣಕೈ ಎಲ್ಲಿದೆ ತೋರ್ಸು."

ಲಿಖಿತ್ ಬಗ್ಗಿ ನೋಡಿದ. "ಅದು ಮೋಷನ್ ಬ್ಲರ್, ಕೈ ಬೀಸಿದ್ರೆ ಹಿಂಗೆ ಕಲಸ್ಕೊಳ್ಳತ್ತೆ. ಇರ್ಬೇಕು ಕಣೇ. ಅದಿಲ್ದಿದ್ರೆ ಸಿನಿಮಾಟಿಕ್ ಫೀಲ್ ಬರಲ್ಲ."

"ನೋಡೋದು ಕಂಪ್ಯೂಟರ್, ಗುರು. ಅದಕ್ಕೆ ಫೀಲ್ ಯಾಕೆ? ನಿನಗೇ ಮೊಣಕೈ ಕಾಣ್ತಿಲ್ಲ ಅಂದ್ಮೇಲೆ ಅದಕ್ಕೆಲ್ಲಿ ಕಾಣತ್ತೆ?"

ಲಿಖಿತ್ ವಾದಿಸಿದ. ಆಮೇಲೆ ಕ್ಯಾಮೆರಾದ ಹತ್ತಿರ ಹೋಗಿ, ಮದುವೆಯ ದಿನಗಳಿಂದ ತಾನು ಮುಟ್ಟದೆ ಕಾಪಾಡಿಕೊಂಡು ಬಂದಿದ್ದ ಸೆಟ್ಟಿಂಗುಗಳನ್ನು ಒಂದೊಂದಾಗಿ ಬದಲಿಸತೊಡಗಿದ. ದೇವರ ಪಟ ಇಳಿಸುವವನ ಮುಖ ಮಾಡಿಕೊಂಡಿದ್ದ. ಹಿಂದಿನ ಗೋಡೆಯನ್ನು ಕರಗಿಸುವುದು ಹೋಯಿತು. ತಾನಾಗಿಯೇ ಫೋಕಸ್ ಹುಡುಕುವುದು, ತಾನಾಗಿಯೇ ಬೆಳಕು ಹೆಚ್ಚು ಕಡಿಮೆ ಮಾಡುವುದು, ಎರಡೂ ಬಂದ್. ಸೆಕೆಂಡಿಗೆ ತೆಗೆಯುವ ಚಿತ್ರಗಳು ಎರಡರಷ್ಟಕ್ಕಿಂತ ಹೆಚ್ಚಾದವು. ಕೊನೆಗೆ ಶಟರು. ಒಂದೊಂದು ಚಿತ್ರಕ್ಕೂ ಕಣ್ಣು ತೆರೆದಿಡುವ ಹೊತ್ತನ್ನು ಅವನು ಹತ್ತನೇ ಒಂದು ಪಾಲಿಗೆ ಇಳಿಸಿದ. ಈ ಹೊತ್ತು ಇಳಿದರೆ ಶಟರ್ ಏರಿತು ಎನ್ನುವುದು ಕ್ಯಾಮೆರಾದವರ ಭಾಷೆ. ಕೈ ಬೀಸುವ ಮೊದಲೇ ಕಣ್ಣು ಮುಚ್ಚಿಬಿಟ್ಟರೆ ಬೀಸಣಿಗೆ ಆಗುವುದಾದರೂ ಹೇಗೆ?

ತೆರೆ ಕಪ್ಪಾಯಿತು. ಕಣ್ಣು ಮುಚ್ಚಿದರೆ ಬೆಳಕೂ ಬರುವುದಿಲ್ಲವಷ್ಟೆ. ಕ್ಯಾಮೆರಾದ ಸೂಕ್ಷ್ಮತೆ ಏರಿಸಿದ. ಚಿತ್ರ ಬೆಳ್ಳಗಾಯಿತು, ಆದರೆ ಮೇಲೆ ರವೆ ಚೆಲ್ಲಿದಂತೆ ಚುಕ್ಕೆ. ಕಂಪ್ಯೂಟರು ಆ ಚುಕ್ಕೆಗಳ ನಡುವೆ ಗೋಡೆಯ ಮೇಲೊಂದು ಮೊಣಕಾಲು ಕಂಡುಹಿಡಿಯಿತು. ಇದ್ದಬದ್ದ ಎಲ್ಇಡಿ ದೀಪಗಳನ್ನೆಲ್ಲ ತಂದು ಹೊತ್ತಿಸಿದ. ಬರಿಗಣ್ಣಿಗೆ ಸ್ಥಿರವಾಗಿದ್ದ ಆ ಅಗ್ಗದ ದೀಪಗಳು ನಿಜವಾಗಿ ಎಡೆಬಿಡದೆ ಮಿಟುಕುತ್ತಿದ್ದವು. ಈಗ ಚುರುಕಾದ ಕ್ಯಾಮೆರಾ ಅದನ್ನು ಹಿಡಿದುಬಿಟ್ಟಿತು. ವಿಡಿಯೋದ ಉದ್ದಕ್ಕೂ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು.

"ಶಟರ್ ಇಳ್ಸಿದ್ರೆ ಬ್ಲರ್, ಏರಿಸಿದ್ರೆ ಕತ್ಲು," ಎಂದು ಲಿಖಿತ್ ಸೋತ ದನಿಯಲ್ಲಿ ಹೇಳಿದ.

"ಶಟರ್ ಏರಿಸ್ಲೇಬೇಕು," ಎಂದಳು ಸ್ಪೂರ್ತಿ. "ಏರಿಸ್ದೆ ಬೇರೆ ದಾರಿ ಇಲ್ಲ."

ಮೂಲೆಯ ಕುರ್ಚಿಯಲ್ಲಿ ಬೆಳಗಿನಿಂದ ಕಾದಿದ್ದ ಗಂಗಮ್ಮ ಎದ್ದು ಗೋದಾಮಿನ ಬಾಗಿಲಿಗೆ ಹೋದರು. ಅಲ್ಲಿ ಸೆಕ್ಯುರಿಟಿಯ ಸಿದ್ದಲಿಂಗಯ್ಯ ಕೂತಿದ್ದರು. "ಅವಾಗಿಂದ ಶಟರ್ ಏರಸ್ಬೇಕು, ಶಟರ್ ಏರಸ್ಬೇಕು ಅಂತ ಹೊಯ್ಕೊಳ್ಳಾಕತ್ತಾರ. ಯಾರೂ ಏಳವಲ್ರು. ಬರ್ರಿ, ಹಿಡೀರಿ ಆ ಕಡೆ," ಎಂದರು ಗಂಗಮ್ಮ. ಲಾರಿ ನಿಲ್ಲುತ್ತಿದ್ದ ಕಾಲದ ದೊಡ್ಡ ಕಬ್ಬಿಣದ ಶಟರು ಕಿರ್ರೆಂದು ಮೇಲೆ ಸುತ್ತಿಕೊಂಡಿತು. ಎದುರಿನ ಕಟ್ಟಡದ ಬಿಳಿ ಗೋಡೆಗೆ ಬಿದ್ದ ಬಿಸಿಲು ಅಲ್ಲಿಂದ ಪುಟಿದು, ನೆರಳಿಲ್ಲದ ಸಮನಾದ ಬೆಳಕಾಗಿ ಇಡೀ ಗೋದಾಮನ್ನು ತುಂಬಿತು.

ಲಿಖಿತ್ ತೆರೆಯನ್ನೇ ನೋಡುತ್ತಿದ್ದ. ಕಪ್ಪಿರಲಿಲ್ಲ, ರವೆಯಿರಲಿಲ್ಲ, ಪಟ್ಟೆಯಿರಲಿಲ್ಲ.

"ನಾವು ಹೇಳಿದ್ದು ಕ್ಯಾಮೆರಾ ಶಟರ್ ಅಜ್ಜಿ," ಎಂದ ಮೆಲ್ಲಗೆ.

"ಅದಕ್ಕೂ ಒಂದು ಶಟರ್ ಐತೇನು?" ಎಂದು ಗಂಗಮ್ಮ ಕ್ಯಾಮೆರಾದ ಕಡೆ ಅನುಮಾನದಿಂದ ನೋಡಿದರು. "ಹಂಗಂದ್ರ ಇದನ್ನ ಇಳಸಬೇಕೇನು?"

"ಬೇಡ ಬೇಡ! ಇರ್ಲಿ ಬಿಡಿ."

ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಲು ಲಿಖಿತ್ ಕ್ಯಾಮೆರಾ ಚಾಲೂ ಮಾಡಿ ತಾನೇ ಒಮ್ಮೆ ಆ ಗೋಡೆಯಿಂದ ಈ ಗೋಡೆಗೆ ನಡೆದ. ಆಮೇಲೆ ಗಂಗಮ್ಮ ನಡೆದರು, ಯಾರೂ ನಿಧಾನ ಎನ್ನಲಿಲ್ಲ. ಅಸ್ಥಿಪಂಜರದ ಕೈ ಹೆಗಲಿನಲ್ಲೇ ಉಳಿಯಿತು. ಹಿಮ್ಮಡಿಯ ಮೇಲೆ ತಿರುಗಿದ್ದು, ಗದ್ದ ಎತ್ತಿದ್ದು, ಬೆರಳು ಮಡಿಸಿ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ತಂದದ್ದು ಎಲ್ಲವೂ ಹಾಗಾಗೇ ಬಂತು. ತಮ್ಮ ನಡಿಗೆ ಮೈ ಬಿಟ್ಟು ಬರೀ ಕಡ್ಡಿಗಳಾಗಿ ಮುಂದೆ ಬರುತ್ತಿರುವುದನ್ನು ಗಂಗಮ್ಮ ಬಹಳ ಹೊತ್ತು ನೋಡಿದರು. "ಚಂದ ಬಂದೈತಿ," ಎಂದರು ಕೊನೆಗೆ. ಶಾಲೆಯ ಹುಡುಗಿಯರಿಗೆ ಅವರು ಈ ಮಾತನ್ನು ಅಪರೂಪಕ್ಕೆ ಹೇಳುತ್ತಿದ್ದರು.

ಎರಡು ದಿನ ಬಿಟ್ಟು ಆ ಕಂಪನಿಯವನೊಬ್ಬ ವಿಡಿಯೋ ಕರೆಯಲ್ಲಿ ಬಂದ. ಕಳಿಸಿದ್ದ ಕಡತಗಳನ್ನು ತೆರೆದು ನೋಡಲಿದ್ದ. ಗಂಗಮ್ಮನೂ ಹೋಗಿ ಕೂತಿದ್ದರು, ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ತಿಳಿಯುತ್ತಿತ್ತು. ಅವನು ಮೊದಲು ಅವರ ನಡಿಗೆ ನೋಡಿದ. ಇನ್ನೊಮ್ಮೆ ನೋಡಿದ. ವಿಡಿಯೋ ಅದ್ಭುತವಾಗಿದೆ, ಇಷ್ಟು ಸ್ಪಷ್ಟವಾದದ್ದನ್ನು ನೀವು ಈವರೆಗೆ ಕಳಿಸಿರಲಿಲ್ಲ ಎಂದ. ಆದರೆ ಇದು ಅಜ್ಜಿಯಲ್ಲ ಎಂದ. ಈಕೆ ನನಗೆ ಮೂಲಿಕೆ ಕೊಡಲು ಬರುತ್ತಿಲ್ಲ, ನನ್ನನ್ನು ಬಂಧಿಸಲು ಬರುತ್ತಿದ್ದಾಳೆ ಎಂದ.

ಸ್ಪೂರ್ತಿ ಅಜ್ಜಿಯ ಮುಖ ನೋಡಲಿಲ್ಲ. ಅವಳು ಏನೋ ಸಮಜಾಯಿಷಿ ಹೇಳುತ್ತಿರುವಾಗಲೇ ಅವನು ಪಕ್ಕದ ಕಡತ ತೆರೆದ. ತೆರೆಯ ಮೇಲೆ ಇನ್ನೊಂದು ಅಸ್ಥಿಪಂಜರ ಬಂತು. ಕುತ್ತಿಗೆ ಮೈಗಿಂತ ಒಂದು ಗೇಣು ಮುಂದಿತ್ತು. ಭುಜಗಳು ಜೋತುಬಿದ್ದಿದ್ದವು. ಸೊಂಟದಿಂದ ಮೇಲಿನದೆಲ್ಲ ಮುಂದಕ್ಕೆ ಬಾಗಿ, ಪಾದಗಳು ನೆಲ ಬಿಡಲು ಮನಸ್ಸಿಲ್ಲದೆ ಉಜ್ಜಿಕೊಂಡು ಬರುತ್ತಿದ್ದವು. ನಡುವೆ ಒಮ್ಮೆ ನಿಂತು ಒಂದು ಕೈಯಿಂದ ಬೆನ್ನು ಒತ್ತಿಕೊಂಡು ಮುಂದೆ ಸಾಗಿತು.

ಇದು! ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. ಎಂಥ ಆಯಾಸ, ಎಂಥ ಬದುಕು! ಇದು ನಟನೆಯಲ್ಲ. ಯಾರು ಈ ಅಜ್ಜಿ?

ಕ್ಯಾಮೆರಾದ ಹಿಂದೆ ನಿಂತಿದ್ದ ಲಿಖಿತ್ ಬೆನ್ನು ಒತ್ತಿಕೊಳ್ಳುತ್ತಿದ್ದ ಕೈಯನ್ನು ತಟ್ಟನೆ ಕೆಳಗಿಳಿಸಿದ.

"ಲೋಕಲ್ ಆರ್ಟಿಸ್ಟ್," ಎಂದಳು ಸ್ಪೂರ್ತಿ.

ಪರೀಕ್ಷೆಗೆಂದು ನಡೆದದ್ದೂ ಕಡತಗಳ ಜೊತೆ ಹೋಗಿ, ಅಜ್ಜಿಯ ಪಾತ್ರ ಹೀಗೆ ಲಿಖಿತನಿಗೆ ಸಿಕ್ಕಿತು. ಗಂಗಮ್ಮನ ನಡಿಗೆಯೂ ವ್ಯರ್ಥವಾಗಲಿಲ್ಲ. ಗೇಮಿನಲ್ಲಿ ಹಳ್ಳಿಗೆ ಮುತ್ತಿಗೆ ಹಾಕುವ ಸೇನಾಧಿಪತಿಯೊಬ್ಬನಿದ್ದ, ಏಳಡಿ ಎತ್ತರದ ಮೀಸೆಯ ಆಸಾಮಿ. ಅವನಿಗೆ ಅದು ಹೇಳಿ ಮಾಡಿಸಿದಂತಿದೆ ಎಂದು ಆ ಕಡೆಯವರು ಕೊಂಡುಕೊಂಡರು.

ಕರೆ ಮುಗಿದ ಮೇಲೆ ಲಿಖಿತ್ ಗಂಗಮ್ಮನ ಹತ್ತಿರ ಬಂದು ಕೈಮುಗಿದ. "ಅಜ್ಜಿ, ಯಾರಿಗೂ ಹೇಳ್ಬೇಡಿ. ಮನೇಲಿ ನನಗೆ ಹುಡ್ಗಿ ನೋಡ್ತಾ ಇದಾರೆ."

"ಹೇಳೂದಿಲ್ಲ," ಎಂದು ಗಂಗಮ್ಮ ಮಾತು ಕೊಟ್ಟರು. ನೀನು ಮುದುಕಿಯಲ್ಲ ಎಂದು ಸಾವಿರಾರು ಮೈಲಿ ದೂರದಲ್ಲಿ ಕೂತವನೊಬ್ಬ ತೀರ್ಪು ಕೊಟ್ಟಿದ್ದ. ಬೇರೆ ಯಾವ ದಿನವಾದರೂ ಅದಕ್ಕೆ ಸಿಹಿ ಹಂಚುತ್ತಿದ್ದರು. ಇಂದು ಮಾತ್ರ ಕೆಲಸದಿಂದ ತೆಗೆದುಹಾಕಿದಂತೆ ಅನಿಸುತ್ತಿತ್ತು.

ಗೇಮು ಬಿಡುಗಡೆಯಾದ ವಾರ ವಿಶ್ವನಾಥ ಅದನ್ನು ಮನೆಯ ಟೀವಿಗೆ ಜೋಡಿಸಿದ. ಸೊಸೆ ಶೀತಲ್ ಅಕ್ಕಪಕ್ಕದವರನ್ನು ಕರೆದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದಳು. ಚನ್ನಬಸಮ್ಮ ಮುಂದಿನ ಸೋಫಾದಲ್ಲಿ ಕೂತರು. ಹಳ್ಳಿ ಬಂತು, ಗುಡಿಸಲು ಬಂತು, ಗುಡಿಸಲಿನಿಂದ ಅಜ್ಜಿ ಹೊರಗೆ ಬಂದಳು. ಕುತ್ತಿಗೆ ಮುಂದೆ, ಬೆನ್ನು ಹಿಂದೆ, ಕಾಲೆಳೆದುಕೊಂಡು.

"ಅಯ್ಯೋ ಶಿವನೇ!" ಎಂದು ಚನ್ನಬಸಮ್ಮ ಕೈ ತಟ್ಟಿದರು. "ತದ್ರೂಪ ನಿಮ್ದೇ ನಡಿಗೆ ಟೀಚರಮ್ಮಾ! ದಿನಾ ನೋಡ್ತೀನಲ್ಲ, ನನಗೆ ಗೊತ್ತಾಗಲ್ವಾ?"

"ಹೌದವ್ವಾ," ಎಂದ ವಿಶ್ವನಾಥ. "ಆ ಕುತ್ತಿಗೆ ನೋಡು, ನಿಂದ!"

ಹೊಟ್ಟೆಯಲ್ಲಿ ಹುಟ್ಟಿದ ಮಗ. ಗಂಗಮ್ಮನ ಬಾಯಿಗೆ ಮಾತು ಬಂದಿತ್ತು. ಲಿಖಿತನ ಮದುವೆ ನೆನಪಾಗಿ ಅದನ್ನು ಬಜ್ಜಿಯ ಜೊತೆ ನುಂಗಿಕೊಂಡರು.

ಸ್ವಲ್ಪ ಹೊತ್ತಿಗೆ ಹಳ್ಳಿಯ ಬಾಗಿಲು ಮುರಿದು ಸೇನಾಧಿಪತಿ ಒಳಗೆ ಬಂದ. ಅವನನ್ನು ಯಾರೂ ಗಮನಿಸಲಿಲ್ಲ, ಎಲ್ಲರೂ ಅಜ್ಜಿಯ ಮಾತಿನಲ್ಲಿದ್ದರು. ಅವನು ಅತ್ತಿತ್ತ ನೋಡಿ, ಹಿಮ್ಮಡಿಯ ಮೇಲೆ ತಿರುಗಿ, ಬೆನ್ನು ತೋರಿಸಿ ಹೊರಟ. ಮೂಲೆಯಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದ ಶೇಖರಪ್ಪನವರ ಬಾಯಿ ನಿಂತಿತು. ಅವರು ಹೆಂಡತಿಯ ಕಡೆ ವಾಲಿ, ಬೇರೆ ಯಾರಿಗೂ ಕೇಳದಂತೆ, "ಈ ಬೆನ್ನಿನ ಹಿಂದ ನಾನು ಭಾಳ ನಡದೀನಿ," ಎಂದರು.

ಗಂಗಮ್ಮ ಗಂಡನ ತಟ್ಟೆಗೆ ತಮ್ಮ ಪಾಲಿನ ಬಜ್ಜಿ ಇಟ್ಟರು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು, ಮಾರ್ಕೆಟಿಂಗ್‌ನವರು ಬಿಡಲಿಲ್ಲ. ಮಾಲ್ ಒಂದರಲ್ಲಿ ಗೇಮಿನ ಪ್ರಚಾರ ಸಮಾರಂಭ, ಅಜ್ಜಿಗೆ ನಡಿಗೆ ಕೊಟ್ಟ ನಿಜವಾದ ಅಜ್ಜಿ ವೇದಿಕೆಯ ಮೇಲೆ ನಡೆದು ಬರಬೇಕು ಎಂದರು. ಲಿಖಿತ್ ಬರುವುದಿಲ್ಲ ಎಂದು ಕಾಲು ಹಿಡಿಯುವಷ್ಟಕ್ಕೆ ಬಂದ. ಸ್ಪೂರ್ತಿ ನೀವೇ ಬನ್ನಿ ಎಂದು ಅಜ್ಜಿಯ ಮುಂದೆ ನಿಂತಳು.

"ಅದು ನನ್ನ ನಡಿಗಿ ಅಲ್ಲ. ಸುಳ್ಳು ನಡಿಯೂದು ನನಗ ಬರೂದಿಲ್ಲ," ಎಂದರು ಗಂಗಮ್ಮ. ಆಮೇಲೆ ಯೋಚಿಸಿ, "ಕಲಿಸೋರು ಯಾರರ ಇದ್ರ ನೋಡೂಣು," ಎಂದರು.

ಹಾಗೆ ಲಿಖಿತ್ ಗುರುವಾದ. ಒಂದು ಮಧ್ಯಾಹ್ನ ಗೋದಾಮಿನಲ್ಲಿ ಪಾಠ ಶುರುವಾಯಿತು.

"ಕುತ್ತಿಗೆ ಮುಂದೆ ಹಾಕಿ ಅಜ್ಜಿ. ನೆಲದ ಮೇಲೆ ಏನೋ ಮೆಸೇಜ್ ಬಂದಿದೆ ಅನ್ಕೊಳ್ಳಿ. ಭುಜ ಬಿಡಿ. ಬಿಡಿ ಅಂದ್ರೆ... ನೋಡಿ, ಮತ್ತೆ ಮಿಲಿಟರಿ ಆಗ್ತಿದೀರ."

"ನೀನು ಹೆಂಗ ಕಲತಿ ಇದನ್ನ?"

"ನಾನೇನೂ ಮಾಡಿಲ್ಲ ಅಜ್ಜಿ. ಬೆಳಗ್ಗಿಂದ ಸಂಜೆವರೆಗೂ ಕೂತಿದೀನಿ, ಅಷ್ಟೇ. ತಾನಾಗೇ ಬರತ್ತೆ."

"ನೋಯ್ತದೇನು?"

ಲಿಖಿತ್ ಹೆಗಲು ಕುಣಿಸಲು ಹೋಗಿ ಅರ್ಧಕ್ಕೇ ಮುಖ ಕಿವಿಚಿದ. ಕುತ್ತಿಗೆಯಿಂದ ಸೊಂಟದವರೆಗೆ ಎಲ್ಲಿ ಮುಟ್ಟಿದರೂ ನೋವು ಎಂದು ಒಪ್ಪಿಕೊಂಡ. ಗಂಗಮ್ಮ ಒಂದು ಒಪ್ಪಂದ ಹಾಕಿದರು. ಅವನು ತಮಗೆ ಬಗ್ಗುವುದು ಕಲಿಸಬೇಕು, ತಾವು ಅವನಿಗೆ ನೆಟ್ಟಗೆ ನಿಲ್ಲುವುದು ಕಲಿಸುತ್ತಾರೆ.

ಸಮಾರಂಭ ಚೆನ್ನಾಗಿ ಆಯಿತು. ಗಂಗಮ್ಮ ಇಳಕಲ್ ಸೀರೆಯುಟ್ಟು, ನೆಲದ ಮೇಲಿನ ಕಾಣದ ಮೆಸೇಜು ಓದುತ್ತ ವೇದಿಕೆಯ ಮೇಲೆ ಕಾಲೆಳೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು. ಇಬ್ಬರು ಸ್ವಯಂಸೇವಕರು ಅವರ ಎರಡೂ ತೋಳು ಹಿಡಿದು ಮೆಟ್ಟಿಲಿಳಿಸಿ ಗಾಲಿಕುರ್ಚಿಯಲ್ಲಿ ಕೂರಿಸಿ ಕಾರಿನವರೆಗೂ ತಳ್ಳಿಕೊಂಡು ಬಂದರು. ಚನ್ನಬಸಮ್ಮನ ಮನಸ್ಸು ಕರಗಿತು. "ಪಾಪ, ಇತ್ತೀಚೆಗೆ ನಿಮಗೂ ಕೈಲಾಗಲ್ಲ ಅಂತ ಕಾಣತ್ತೆ. ಬನ್ನಿ ನಮ್ ಜೊತೆಗೇ," ಎಂದು ವಾಕಿಂಗ್ ಗುಂಪಿಗೆ ಮರಳಿ ಸೇರಿಸಿಕೊಂಡರು. ಕಲಿತ ವಿದ್ಯೆ ಹೀಗೆ ದಿನವೂ ಉಪಯೋಗಕ್ಕೆ ಬಂತು. ಗುಂಪಿನಲ್ಲಿ ನಡೆದರೆ ಎಷ್ಟೆಲ್ಲ ಸುದ್ದಿ ಸಿಗುತ್ತದೆಂದು ಗಂಗಮ್ಮನಿಗೆ ಗೊತ್ತೇ ಇರಲಿಲ್ಲ. ಅವರೆಲ್ಲ ಮನೆ ಸೇರಿದ ಮೇಲೆ ತಮ್ಮ ಸುತ್ತುಗಳನ್ನು ಬೇರೆಯಾಗಿ ಹಾಕುತ್ತಿದ್ದರು.

ಲಿಖಿತನ ಪಾಠವೂ ಬಿಡದೆ ನಡೆಯಿತು. ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು, ಕೋಲು ಹಿಡಿದು ಹೆಗಲು ತಿರುಗಿಸುವುದು, ಮೆಟ್ರೋದಲ್ಲಿ ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಹಿಡಿಯುವುದು. ಮೊದಮೊದಲು ಕಳ್ಳಬಿದ್ದ. ಗಂಗಮ್ಮ ಸೀಟಿ ಕೊಂಡುಕೊಂಡು ಬಂದ ಮೇಲೆ ಸರಿಹೋದ.

ಮುಂದಿನ ವರ್ಷ ಗೇಮಿನ ಎರಡನೆಯ ಭಾಗಕ್ಕೆ ಕೆಲಸ ಬಂತು. ಅಜ್ಜಿ ಬಹಳ ಜನಪ್ರಿಯಳಾಗಿದ್ದಳು. ಈಗ ಅವಳು ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಕೂತು ಏಳಬೇಕು. ಲಿಖಿತ್ ಹತ್ತಿದ, ಕೂತ, ಎದ್ದ. ಕಳಿಸಿದರು. ಬೆಳಗಾಗುವಷ್ಟರಲ್ಲಿ ಉತ್ತರ ಬಂದಿತ್ತು: ಇದು ಯಾರು? ನಮ್ಮ ಅಜ್ಜಿ ಎಲ್ಲಿ?

ಸ್ಪೂರ್ತಿ ಅರ್ಧ ದಿನ ಕ್ಯಾಮೆರಾವನ್ನೇ ಬೈದಳು. ಶಟರು ನೋಡಿದಳು, ಫೋಕಸ್ ನೋಡಿದಳು, ಬಾಗಿಲಿನಿಂದ ಬರುವ ಬೆಳಕು ಅಳೆದಳು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಹಳೆಯ ವಿಡಿಯೋ ಮತ್ತು ಹೊಸದನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಹೊಸದರಲ್ಲಿ ಲಿಖಿತ್ ಎದೆ ತೆರೆದು, ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದ.

"ಬಗ್ಗೋ ಸ್ವಲ್ಪ," ಎಂದಳು.

"ಆಗ್ತಿಲ್ಲ ಕಣೇ," ಎಂದ ಲಿಖಿತ್ ಅಪರಾಧಿಯ ಹಾಗೆ. "ಬಗ್ಗಿದ್ರೆ ಕಿವೀಲಿ ಸೀಟಿ ಊದಿದಂಗಾಗತ್ತೆ."

ಗಂಗಮ್ಮನಿಗೆ ಕರೆ ಹೋಯಿತು. ಅವರು ನೀಲಿ ಟ್ರ್ಯಾಕ್‌ಸೂಟಿನಲ್ಲಿ ಬಂದು, ಹೇಳಿದ್ದನ್ನೆಲ್ಲ ಒಂದೇ ಸಲಕ್ಕೆ ಮಾಡಿದರು. ಮೆಟ್ಟಿಲಿಗೊಮ್ಮೆ ನಿಂತು ಬೆನ್ನು ಒತ್ತಿಕೊಂಡರು, ಏಳುವಾಗ ಮೊಣಕಾಲಿಗೆ ಕೈಯೂರಿ ನಿಟ್ಟುಸಿರು ಬಿಟ್ಟರು. ವಿಡಿಯೋದಲ್ಲಿ ಒಂದೊಂದು ಬೆರಳೂ ಸ್ಪಷ್ಟವಾಗಿತ್ತು. ಸಂಜೆಗೇ ಉತ್ತರ: ಅಜ್ಜಿ ವಾಪಸು ಬಂದಳು, ಇಂಥದ್ದನ್ನು ಯಾವ ನಟಿಯೂ ಮಾಡಲಾರಳು, ದಯವಿಟ್ಟು ಇನ್ನು ಮುಂದೆ ಕಲಾವಿದೆಯನ್ನು ಬದಲಿಸಬೇಡಿ.

ಸ್ಪೂರ್ತಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಗಂಗಮ್ಮ ಕ್ಯಾನ್ವಾಸ್ ಬೂಟಿನ ದಾರ ಬಿಗಿಯುತ್ತಿದ್ದವರು ತಲೆ ಎತ್ತಿ ಲಿಖಿತನನ್ನು ನೋಡಿದರು.

"ನಿನ್ನ ಕೆಲಸ ನಾನು ಕಸಗೊಂಡಂಗಾತಲ್ಲೋ, ತಮ್ಮಾ."

"ಪರ್ವಾಗಿಲ್ಲ ಅಜ್ಜಿ," ಎಂದ ಲಿಖಿತ್. "ಭಾನುವಾರ ಹುಡ್ಗಿ ನೋಡಕ್ಕೆ ಹೋಗಿದ್ವಿ. ಹುಡ್ಗಿ ಮನೆಯೋರು ಒಪ್ಕೊಂಡ್ರು. ಅವರಪ್ಪ ಒಂದೇ ಕೇಳಿದ್ದು, ನೀವು ಮೊದ್ಲು ಮಿಲಿಟರೀಲಿ ಇದ್ರಾ ಅಂತ."

"ನೀ ಏನಂದಿ?"

"ಇಲ್ಲ ಸಾರ್, ಅನಿಮೇಶನ್ ಅಂದೆ. ಅವರು ನಂಬ್ಲಿಲ್ಲ."